ಎಣಿಸಿದವರು ಯಾರು?

ನಮಸ್ಕಾರ. ಸಂಘಟಿತ ಅಪರಾಧದ ಅಂಕಿ ಅಂಶಗಳನ್ನು ನಂಬುವುದು ಹೇಗೆ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಅದಕ್ಕೆ ವೀಕ್ಷಕರೊಬ್ಬರು, "ನೀವು ಲೆಕ್ಕ ಹಾಕುತ್ತ ಕುಳಿತರೆ ರೌಡಿಗಳು ಕಾಯುತ್ತಾರೆಯೇ?" ಎಂದು ಬರೆದಿದ್ದಾರೆ. ಹಫ್ತಾ ಕೊಟ್ಟು ಬೇಸತ್ತವರ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಕೋಪವೇ ಕಾನೂನಿಗೆ ಆಧಾರವಾಗಬಾರದು. ನನ್ನ ಪ್ರಶ್ನೆ ಒಂದೇ: ಎಣಿಸಿದವರು ಯಾರು, ಹೇಗೆ ಎಣಿಸಿದರು?

ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯಸ್ಥರಾಗಿದ್ದ ಮಿಷೆಲ್ ಕಾಂದೆಸ್ಸು 1998ರಲ್ಲಿ ಪ್ಯಾರಿಸ್‌ನಲ್ಲಿ ಮಾತನಾಡುತ್ತ, ಅಕ್ರಮ ಹಣದ ವರ್ಗಾವಣೆ ಜಗತ್ತಿನ ಜಿಡಿಪಿಯ ಶೇ. 2ರಿಂದ 5ರಷ್ಟಿರಬಹುದು ಎಂದರು. ಅಂಕಿ ನಿಖರವೆಂಬ ಭರವಸೆ ಕೊಡಲಾರೆವು ಎಂದೂ ಅದೇ ಉಸಿರಿನಲ್ಲಿ ಹೇಳಿದ್ದರು. ಆ ಎಚ್ಚರಿಕೆಯ ಮಾತು ದಾರಿಯಲ್ಲೇ ಉದುರಿಹೋಯಿತು, ಅಂಕಿ ಮಾತ್ರ ವರದಿಯಿಂದ ವರದಿಗೆ ದಾಟುತ್ತ ಬಂತು. 2011ರಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ, 2009ರ ಪ್ರಮಾಣ ಶೇ. 2.7 ಎಂದು ಅಂದಾಜಿಸಿ, ಇದು ಹಳೆಯ ಅಂಕಿಗೆ ಹೊಂದುತ್ತದೆ ಎಂದಿತು. ಎರಡಕ್ಕೂ ಐದಕ್ಕೂ ಎರಡೂವರೆ ಪಟ್ಟು ಅಂತರವಿರುವಾಗ, ಹೊಂದದೆ ಇನ್ನೇನಾದೀತು?

ನಮ್ಮಲ್ಲಿಗೆ ಬನ್ನಿ. ಹಫ್ತಾ ಕೊಡದ ಅಂಗಡಿಯವನೊಬ್ಬನನ್ನು ಅಪಹರಿಸಿ ಕೊಂದರೆಂದುಕೊಳ್ಳಿ. ಎಫ್‌ಐಆರ್‌ನಲ್ಲಿ ಸುಲಿಗೆ, ಅಪಹರಣ, ಕೊಲೆ ಮೂರೂ ಇರುತ್ತವೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಒಂದು ಪ್ರಕರಣದಲ್ಲಿ ಅತಿ ಗಂಭೀರವಾದ ಅಪರಾಧವನ್ನಷ್ಟೇ ಎಣಿಸುವುದರಿಂದ, ಅಲ್ಲಿ ಅದು ಒಂದು ಕೊಲೆ. ಸುಲಿಗೆಯ ಕೋಷ್ಟಕದಲ್ಲಿ ಆ ಅಂಗಡಿಯವನ ಸುಳಿವೇ ಇಲ್ಲ. ಹೆದರಿ ಠಾಣೆಯ ಮೆಟ್ಟಿಲನ್ನೇ ಹತ್ತದವರಂತೂ ಯಾವ ಕೋಷ್ಟಕದಲ್ಲೂ ಇಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ, ನಮ್ಮ ರಾಜ್ಯದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯಾದ ಕೋಕಾದಂತೆಯೇ, ಸಂಘಟಿತ ಅಪರಾಧವನ್ನು ಗುರುತಿಸಲು ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ ನ್ಯಾಯಾಲಯ ಅವನ್ನು ಪರಿಗಣಿಸಿದೆಯೇ ಎಂದು ನೋಡುತ್ತದೆ, ಶಿಕ್ಷೆಯೇ ಆಗಿರಬೇಕೆಂದಿಲ್ಲ. ಪಟ್ಟಿ ಸಲ್ಲಿಸುವವರು ಪೊಲೀಸರು. ಆ ಪಟ್ಟಿಗಳನ್ನೇ ಎಣಿಸಿ, ಅಪರಾಧ ಹೆಚ್ಚಿದೆ, ಇನ್ನೂ ಕಠಿಣ ಕಾನೂನು ಬೇಕು ಎಂದರೆ, ಎಣಿಸಿದವರು ಯಾರು? ಆ ಕಾನೂನನ್ನು ಚಲಾಯಿಸುವವರೇ!

ಪೊಲೀಸರಿಗಿಂತ ನಿಮಗೆ ಹೆಚ್ಚು ಗೊತ್ತೇ ಎಂದು ಕೇಳುವವರಿದ್ದಾರೆ. ಅದು ವಾದವೇ ಅಲ್ಲ. ಗೊತ್ತಿರುವವರು ಗೊತ್ತಾದದ್ದು ಹೇಗೆಂದು ತೋರಿಸಲಿ! ಜನರ ಸ್ವಾತಂತ್ರ್ಯ ಕಸಿಯುವ ಕಾನೂನಿಗೆ ಇಷ್ಟಾದರೂ ಬೇಡವೇ?

ಈ ಪ್ರಶ್ನೆಯನ್ನು ನಾನು ಬಿಡುವವನಲ್ಲ, ಚಂದಾದಾರರಾಗಿ ಜೊತೆಗಿರಿ. ಈ ಸಂಚಿಕೆಯನ್ನು ನಿಮ್ಮ ಶಾಸಕರಿಗೂ ಕಳುಹಿಸಿ. ಸದನದಲ್ಲಿ ಅವರು ಅಂಕಿ ಓದಿದ ಮರುದಿನವೇ ಕೇಳಿ, ಎಣಿಸಿದವರು ಯಾರೆಂದು. ಉತ್ತರ ಬಂದರೆ ನನಗೂ ಬರೆಯಿರಿ.