ಹಾಕಿಕೊಳ್ಳುವ ಬಟ್ಟೆ, ಆಡುವ ಇಂಗ್ಲಿಷ್

ಎಲ್ಲರಿಗೂ ನಮಸ್ಕಾರ.

ಶನಿವಾರ ಮಧ್ಯಾಹ್ನ ಮನೆಕೆಲಸ ಬಿಟ್ಟು ಇಷ್ಟು ಜನ ಪೋಷಕರು ಶಾಲೆಗೆ ಬಂದಿದ್ದೀರಿ, ಸಂತೋಷ. ಮನೆಯಲ್ಲೇ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಹೇಗೆ ಅಂತ ಮಾತಾಡಿ ಎಂದು ಇಲ್ಲಿನ ಮುಖ್ಯ ಶಿಕ್ಷಕರು ಕೇಳಿದ್ದಾರೆ. ಅದು ದೊಡ್ಡ ವಿಷಯ. ನಾನು ಅದರಲ್ಲಿ ಒಂದು ಮೂಲೆ ಮಾತ್ರ ಹಿಡಿದುಕೊಂಡಿದ್ದೇನೆ. ಬೆಳಗ್ಗೆ ಮಗು ಶಾಲೆಗೆ ಹೊರಡುವ ಮುಂಚೆ ಬಟ್ಟೆ ಹಾಕಿಕೊಳ್ಳುವ ಆ ಹತ್ತು ನಿಮಿಷ. ಇದು ಎಲ್ಲರ ಮನೆಯಲ್ಲೂ ದಿನಾ ನಡೆಯುತ್ತದೆ. ಪುಸ್ತಕ ಬೇಡ, ಫೋನ್ ಬೇಡ, ಟ್ಯೂಷನ್ ಫೀಸೂ ಬೇಡ.

ಬಟ್ಟೆಯ ಪಾಠ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಹೇಗಿರುತ್ತದೆ? ಪುಟದ ತುಂಬ ಚಿತ್ರ, ಕೆಳಗೆ ಹೆಸರು. ಶರ್ಟ್, ಸ್ಕರ್ಟ್, ಕೋಟ್, ಸಾಕ್ಸ್. ಮಕ್ಕಳು ಜೋರಾಗಿ ಕೂಗಿ ಬಾಯಿಪಾಠ ಮಾಡುತ್ತಾರೆ. ಆದರೆ ಯೋಚನೆ ಮಾಡಿ, ಈ ಹೆಸರುಗಳು ಯಾರಿಗೆ ಗೊತ್ತಿಲ್ಲ? ಶರ್ಟು, ಪ್ಯಾಂಟು, ಕೋಟು, ಸ್ವೆಟರು, ಬೆಲ್ಟು, ಬೂಟು, ಹುಕ್ಕು, ಜಿಪ್ಪು, ಕಾಲರು. ಕೊನೆಗೊಂದು 'ಉ' ಸೇರಿಸಿ ನಮ್ಮ ಅಜ್ಜಿಯರೇ ಇವನ್ನೆಲ್ಲ ಕನ್ನಡ ಮಾಡಿಟ್ಟುಬಿಟ್ಟಿದ್ದಾರೆ. ಮಗು ಶಾಲೆಗೆ ಬರುವಾಗಲೇ ಅರ್ಧ ಪಾಠ ಕಲಿತುಕೊಂಡು ಬಂದಿರುತ್ತದೆ. ಹೀಗಿದ್ದರೂ ಐದನೇ ಕ್ಲಾಸಿನ ಮಗುವಿಗೆ "ಶೂ ಹಾಕ್ಕೋ, ಲೇಸ್ ಕಟ್ಟಿಕೋ" ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳು ಅಂದರೆ ತಡವರಿಸುತ್ತದೆ. ಹೆಸರುಗಳೆಲ್ಲ ಇವೆ, ಅವನ್ನು ನಡೆಸುವ ಕ್ರಿಯಾಪದಗಳೇ ಇಲ್ಲ. ನಾವು ಸಮಯ ಕೊಡಬೇಕಾದದ್ದು ಅಲ್ಲಿಗೆ.

ಮೊದಲು ನಮ್ಮ ಭಾಷೆ ನೋಡೋಣ. ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂವು ಮುಡಿಯುತ್ತೇವೆ, ಶಾಲು ಹೊದೆಯುತ್ತೇವೆ, ಪೇಟ ಸುತ್ತುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಒಂದೊಂದಕ್ಕೂ ಒಂದೊಂದು ಮಾತು. ಈಗ ಎಲ್ಲಕ್ಕೂ 'ಹಾಕಿಕೊಳ್ಳು' ಅನ್ನುವುದು ಜಾಸ್ತಿಯಾಗಿದೆ. ಹಳೆಯ ಮಾತುಗಳನ್ನು ಮನೆಯಲ್ಲಿ ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಇಂಗ್ಲಿಷ್ ಕಲಿಯುವುದಕ್ಕೆ ಅವೇನೂ ಅಡ್ಡಿ ಬರುವುದಿಲ್ಲ.

ಇಂಗ್ಲಿಷಿನಲ್ಲಿ ವಸ್ತು ಯಾವುದು ಅನ್ನುವುದು ಅಷ್ಟು ಮುಖ್ಯವಲ್ಲ. ಸೀರೆಯಾಗಲಿ, ಟೋಪಿಯಾಗಲಿ, ವಾಚಾಗಲಿ, ಕನ್ನಡಕವಾಗಲಿ, ಉಂಗುರವಾಗಲಿ, ಎಲ್ಲಕ್ಕೂ 'ವೇರ್' ನಡೆಯುತ್ತದೆ. ಸೆಂಟು ಹಾಕಿಕೊಂಡರೂ ವೇರ್, ಮುಡಿದ ಹೂವಿಗೂ ವೇರ್. ಆದರೆ ಅವರು ಬೇರೊಂದು ಕಡೆ ಗೆರೆ ಎಳೆಯುತ್ತಾರೆ. ಈಗ ಹಾಕಿಕೊಳ್ಳುತ್ತಾ ಇದ್ದರೆ 'ಪುಟ್ ಆನ್'. ಹಾಕಿಕೊಂಡು ಆಗಿದ್ದರೆ, ಮೈಮೇಲೆ ಇದ್ದರೆ, 'ವೇರ್'. ತೋಳೊಳಗೆ ಕೈ ತೂರಿಸುತ್ತಿರುವ ಹುಡುಗ 'ಈಸ್ ಪುಟಿಂಗ್ ಆನ್ ಹಿಸ್ ಶರ್ಟ್'. ಗುಂಡಿ ಹಾಕಿ, ತಲೆ ಬಾಚಿ, ಬಾಗಿಲಲ್ಲಿ ನಿಂತಿರುವ ಹುಡುಗ 'ಈಸ್ ವೇರಿಂಗ್ ಎ ಶರ್ಟ್'.

ಇಲ್ಲಿ ನಮ್ಮ ಮಕ್ಕಳು ಎಡವುವುದಕ್ಕೆ ಒಳ್ಳೆಯ ಕಾರಣವಿದೆ. ಕನ್ನಡದಲ್ಲಿ "ನೀಲಿ ಶರ್ಟ್ ಹಾಕಿಕೊಂಡಿದ್ದೇನೆ" ಅನ್ನುತ್ತೇವೆ. ಕೆಲಸ ಮುಗಿದಿದೆ ಅಂತ ಆ 'ಕೊಂಡು' ಹೇಳುತ್ತದೆ. ಅದನ್ನೇ ಹಿಡಿದು ಮಗು "ಐ ಹ್ಯಾವ್ ವೋರ್ನ್ ಎ ಬ್ಲೂ ಶರ್ಟ್" ಅನ್ನುತ್ತದೆ. ಮಗುವಿನ ತರ್ಕ ಸರಿಯಾಗೇ ಇದೆ. ಇಂಗ್ಲಿಷಿನ ರೂಢಿ ಬೇರೆ, ಅಷ್ಟೇ. ಅಲ್ಲಿ "ಐ ಆಮ್ ವೇರಿಂಗ್ ಎ ಬ್ಲೂ ಶರ್ಟ್" ಅನ್ನಬೇಕು. ಮಗು ಹೀಗೆ ತಪ್ಪಿದಾಗ ಗದರಬೇಡಿ. 'ಹಾಕಿಕೊಂಡಿದ್ದೇನೆ' ಅಂದರೆ ವೇರಿಂಗ್, 'ಹಾಕಿಕೊಳ್ಳುತ್ತಿದ್ದೇನೆ' ಅಂದರೆ ಪುಟಿಂಗ್ ಆನ್. ಇಷ್ಟು ಹೇಳಿದರೆ ಸಾಕು, ಹಿಡಿದುಕೊಳ್ಳುತ್ತದೆ. ವ್ಯಾಕರಣದ ದೊಡ್ಡ ದೊಡ್ಡ ಹೆಸರುಗಳು ಬೇಕಾಗುವುದಿಲ್ಲ.

ಅದೇ ರೀತಿ ನಾವು ಮಕ್ಕಳಿಗೆ "ವೇರ್ ಯುವರ್ ಶೂಸ್" ಅಂತ ಅವಸರ ಮಾಡುತ್ತೇವೆ. ಅಲ್ಲಿ ಬೇಕಾದದ್ದು "ಪುಟ್ ಆನ್ ಯುವರ್ ಶೂಸ್". ಮನೆಗೆ ಬಂದಾಗ "ರಿಮೂವ್ ಯುವರ್ ಶೂಸ್" ಅನ್ನುತ್ತೇವೆ. ಅದು ತಪ್ಪಲ್ಲ, ಆದರೆ ಬೋರ್ಡಿನ ಮೇಲೆ ಬರೆಯುವ ಮಾತು. ಮನೆಮಂದಿ ಒಬ್ಬರಿಗೊಬ್ಬರು ಹೇಳುವುದು "ಟೇಕ್ ಆಫ್ ಯುವರ್ ಶೂಸ್". ವಸ್ತುವಿನ ಹೆಸರು ಬಿಟ್ಟು 'ಅದು' ಅನ್ನುವುದಾದರೆ ಆ ಮಾತು ನಡುವೆ ಹೋಗಿ ಕೂರುತ್ತದೆ. ಪುಟ್ ಇಟ್ ಆನ್. ಟೇಕ್ ದೆಮ್ ಆಫ್. ಇದನ್ನು ನಿಯಮವಾಗಿ ಕಲಿಸಲು ಹೋಗಬೇಡಿ. ಸ್ವೆಟರ್ ಕೈಯಲ್ಲಿ ಹಿಡಿದು "ಪುಟ್ ಇಟ್ ಆನ್" ಅಂತ ದಿನಾ ಹೇಳಿ. ಕಿವಿಗೆ ಬಿದ್ದದ್ದು ಬಾಯಿಗೆ ಬಂದೇ ಬರುತ್ತದೆ.

ಇನ್ನು ಬೆಳಗಿನ ಉಳಿದ ಕೆಲಸಗಳು. ಗುಂಡಿ ಹಾಕಿಕೋ ಅನ್ನುವುದಕ್ಕೆ 'ಡೂ ಅಪ್ ಯುವರ್ ಬಟನ್ಸ್', ಬಿಚ್ಚುವುದಕ್ಕೆ 'ಅನ್‌ಡೂ'. ಜಿಪ್ ಎಳೆಯುವುದು 'ಜಿಪ್ ಅಪ್'. ತೋಳು ಮಡಚುವುದು 'ರೋಲ್ ಅಪ್'. ಇನ್ನೊಂದಿದೆ, ನಮ್ಮ ಶಾಲೆಗಳಲ್ಲೆಲ್ಲ ಮೇಷ್ಟ್ರು ಹೇಳುವುದು: "ಏಯ್, ಇನ್‌ಶರ್ಟ್ ಮಾಡ್ಕೋ!" ಈ ಇನ್‌ಶರ್ಟು ನಮ್ಮ ದೇಶದಲ್ಲೇ ಹುಟ್ಟಿದ್ದು. ಲಂಡನ್ನಿನಲ್ಲಿ ಹೇಳಿದರೆ ಅರ್ಥವಾಗುವುದು ಕಷ್ಟ. ಅಲ್ಲಿ 'ಟಕ್ ಯುವರ್ ಶರ್ಟ್ ಇನ್'. ಹಾಗೆಯೇ ಚಿಕ್ಕ ಮಕ್ಕಳು ಬನಿಯನ್ ಉಲ್ಟಾ ಹಾಕಿಕೊಂಡು ಬರುತ್ತಾರಲ್ವಾ? ಒಳಗಿನ ಹೊಲಿಗೆ ಹೊರಗೆ ಕಂಡರೆ 'ಇನ್‌ಸೈಡ್ ಔಟ್'. ಬೆನ್ನಿನ ಭಾಗ ಎದೆಗೆ ಬಂದರೆ 'ಬ್ಯಾಕ್ ಟು ಫ್ರಂಟ್'. ನಮಗೆ ಎರಡೂ ಉಲ್ಟಾನೇ. ಮಗು ಹಾಗೆ ಹಾಕಿಕೊಂಡ ದಿನವೇ ಇದನ್ನು ಹೇಳಿಕೊಡಿ, ಮರೆಯುವುದಿಲ್ಲ.

ಸಂಖ್ಯೆಯ ವಿಷಯ ಬೇಗ ಮುಗಿಸುತ್ತೇನೆ. ನಮಗೆ ಒಂದು ಪ್ಯಾಂಟು. ಇಂಗ್ಲಿಷಿನವರಿಗೆ, ಪ್ಯಾಂಟಿಗೆ ಎರಡು ಕಾಲಿರುವುದರಿಂದ, ಟ್ರೌಸರ್ಸ್, ಶಾರ್ಟ್ಸ್, ಜೀನ್ಸ್ ಎಲ್ಲ ಬಹುವಚನ. ಒಂದು ಅಂತ ಹೇಳಬೇಕಾದರೆ 'ಎ ಪೇರ್ ಆಫ್'. ಇದಕ್ಕೆ ಒಳ್ಳೆಯ ಉದಾಹರಣೆ ಸರ್ಕಾರಿ ಶಾಲೆಯಲ್ಲೇ ಇದೆ. ಸರ್ಕಾರದ ಶೂ ಭಾಗ್ಯ ಯೋಜನೆಯಲ್ಲಿ ಮಕ್ಕಳಿಗೆ ಕೊಡುವುದು ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್. ಆ ಜೊತೆಯೇ ಪೇರ್. ಬಟ್ಟೆ ಅನ್ನುವುದಕ್ಕೂ ಎರಡು ಮಾತಿದೆ. ಥಾನಿನಿಂದ ಕತ್ತರಿಸುವುದು ಕ್ಲಾತ್, ಹೊಲಿದು ಹಾಕಿಕೊಳ್ಳುವುದು ಕ್ಲೋದ್ಸ್. ಇದನ್ನು ಅನೇಕರು 'ಕ್ಲೋತಿಸ್' ಅಂತ ಎರಡು ತುಂಡು ಮಾಡುತ್ತಾರೆ. ಒಂದೇ ಉಸಿರಲ್ಲಿ 'ಕ್ಲೋಸ್' ಅಂದರೂ ನಡೆಯುತ್ತದೆ, ಇಂಗ್ಲಿಷ್ ಮನೆಮಾತಿನವರೇ ಎಷ್ಟೋ ಜನ ಹಾಗೆ ಅನ್ನುತ್ತಾರೆ. ಮತ್ತೆ ಹುಟ್ಟುಹಬ್ಬದ ದಿನ ಹುಡುಗರು "ಇವತ್ತು ನಂದು ಕಲರ್ ಡ್ರೆಸ್" ಅನ್ನುತ್ತಾರಲ್ಲ, ಅದು ನಮ್ಮ ನಡುವೆ ಚೆನ್ನಾಗಿದೆ. ಇಂಗ್ಲೆಂಡಿನಲ್ಲಿ 'ಎ ಡ್ರೆಸ್' ಅಂದರೆ ಹೆಣ್ಣುಮಕ್ಕಳ ಫ್ರಾಕಿನಂಥ ಉಡುಪು. ಹುಡುಗ 'ನ್ಯೂ ಕ್ಲೋದ್ಸ್' ಅನ್ನಬೇಕು.

ಇಂಗ್ಲಿಷ್ ಅಂದರೆ ನಮ್ಮದಲ್ಲದ್ದು ಅಂತ ಒಂದು ಹೆದರಿಕೆ ಇದೆ. ಬಟ್ಟೆಯ ವಿಷಯದಲ್ಲಂತೂ ಆ ಹೆದರಿಕೆಗೆ ಜಾಗವೇ ಇಲ್ಲ. ಕೊಟ್ಟಿದ್ದೂ ಇದೆ, ತಗೊಂಡಿದ್ದೂ ಇದೆ. ಅವರು ರಾತ್ರಿ ಹಾಕಿಕೊಂಡು ಮಲಗುವ ಪೈಜಾಮ ಈ ಕಡೆಯಿಂದ ಹೋದ ಮಾತು. ಪರ್ಷಿಯನ್ನಿನಲ್ಲಿ ಕಾಲಿನ ಬಟ್ಟೆ ಅಂತ ಅರ್ಥ. ಡಂಗರೀಸ್ ಅನ್ನುವ ಒರಟು ಬಟ್ಟೆಯ ಪ್ಯಾಂಟಿನ ಹೆಸರು ಮುಂಬೈನ ಡೋಂಗ್ರಿಯಿಂದ ಬಂತು. ಕ್ಯಾಲಿಕೊ ಅನ್ನುವ ಹತ್ತಿ ಬಟ್ಟೆಯ ಹೆಸರಿನಲ್ಲಿ ನಮ್ಮ ಪಕ್ಕದ ಕೋಳಿಕ್ಕೋಡ್, ಅಂದರೆ ಕ್ಯಾಲಿಕಟ್, ಇದೆ. ಖಾಕಿ ಅಂದರೆ ಧೂಳಿನ ಬಣ್ಣ. 1846ರಲ್ಲಿ ಬ್ರಿಟಿಷರು ಪೇಶಾವರದಲ್ಲಿ ಕಟ್ಟಿದ ಕೋರ್ ಆಫ್ ಗೈಡ್ಸ್ ಪಡೆಯ ಸೈನಿಕರು ಉಟ್ಟ ಬಣ್ಣ ಅದು, ಅಲ್ಲಿಂದ ಲೋಕವೆಲ್ಲ ಹರಡಿತು. 2019ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೆ ನಮ್ಮ ಚಡ್ಡಿಯೂ 'ಚಡ್ಡೀಸ್' ಆಗಿ ಸೇರಿತು. ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮ ದೇಶದ ಜನ ಆಡಿ ಆಡಿ ಅದನ್ನು ಅಲ್ಲಿಯ ಮಾತು ಮಾಡಿದರು. ಇದನ್ನೆಲ್ಲ ಮಕ್ಕಳಿಗೆ ಹೇಳಿ. ಅವರ ಕಣ್ಣು ಅರಳುತ್ತದೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಇಲ್ಲಿ ಕೂತಿರುವ ತಾಯಂದಿರಲ್ಲಿ ಅನೇಕರು ಬೆಳಗ್ಗೆ ಕತ್ತಲಲ್ಲೇ ವ್ಯಾನ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗುವವರು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಿಂದ ಹಿಡಿದು ರಾಮನಗರ, ಮದ್ದೂರಿನವರೆಗೂ ಈ ಕೆಲಸ ನಡೆಯುತ್ತದೆ. "ನಂಗೆ ಇಂಗ್ಲಿಷ್ ಬರಲ್ಲ ಮೇಡಂ, ಮಕ್ಕಳಿಗೆ ಏನು ಹೇಳಿಕೊಡ್ಲಿ" ಅಂತ ನೀವು ಹೇಳುತ್ತೀರಿ. ದಯವಿಟ್ಟು ಹಾಗೆ ಹೇಳಬೇಡಿ. ಕಾಲರ್, ತೋಳಿನ ತುದಿಯ ಕಫ್, ಸ್ಲೀವ್, ಭುಜದ ಮೇಲಿನ ಯೋಕ್, ಪ್ಲಾಕೆಟ್, ಮಡಚಿ ಹೊಲಿದ ಅಂಚಿನ ಹೆಮ್, ಪಕ್ಕದ ಹೊಲಿಗೆಯ ಸೈಡ್ ಸೀಮ್, ಬಟನ್ ಹೋಲ್. ಇವೆಲ್ಲ ನಿಮ್ಮ ಬಾಯಲ್ಲಿ ಸಲೀಸಾಗಿ ಬರುತ್ತವೆ. ಗುಂಡಿ ಸಾಲಿನ ಆ ಪಟ್ಟಿಗೆ ಪ್ಲಾಕೆಟ್ ಅನ್ನುತ್ತಾರೆ ಅಂತ ಇಂಗ್ಲಿಷ್ ಎಂ.ಎ. ಮಾಡಿದ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ನೀವು ದಿನಕ್ಕೆ ನೂರಾರು ಸಲ ಅದನ್ನು ಕೈಯಲ್ಲಿ ಹಿಡಿಯುತ್ತೀರಿ. ಆ ಮಾತುಗಳನ್ನು ಟಾರ್ಗೆಟ್ಟಿನ ಒತ್ತಡದ ನಡುವೆ, ಸೂಪರ್‌ವೈಸರ್ ಕೂಗಾಟದ ನಡುವೆ ದುಡಿದು ಕಲಿತಿದ್ದೀರಿ. ಅವು ನಿಮ್ಮ ವಿದ್ಯೆ. ಮಗಳ ಯೂನಿಫಾರ್ಮ್ ಕೈಗೆ ತಗೊಂಡು ಇದು ಕಫ್, ಇದು ಯೋಕ್ ಅಂತ ತೋರಿಸಿ. ಅಮ್ಮನಿಗೆ ಇದು ಗೊತ್ತು ಅಂತ ಮಗುವಿಗೆ ತಿಳಿಯಬೇಕು.

ಅಂಗಿಯ ಒಳಗೆ ಹೊಲಿದಿರುವ ಆ ಚಿಕ್ಕ ಲೇಬಲ್ ಕೂಡ ಒಂದು ಓದುವ ಪಾಠ. ಒಂದು ತೊಟ್ಟಿಯ ಚಿತ್ರ, ಅದರೊಳಗೆ 30 ಅಥವಾ 40 ಅಂತ ಇದ್ದರೆ ಒಗೆಯುವ ನೀರಿನ ಬಿಸಿ ಅಷ್ಟು ಡಿಗ್ರಿ ದಾಟಬಾರದು. ತೊಟ್ಟಿಯೊಳಗೆ ಕೈ ಇದ್ದರೆ ಕೈಯಲ್ಲೇ ಒಗೆಯಿರಿ ಅಂತ. ತ್ರಿಕೋನದ ಮೇಲೆ ಕತ್ತರಿ ಗುರುತು (X) ಇದ್ದರೆ 'ಡೂ ನಾಟ್ ಬ್ಲೀಚ್'. ಇಸ್ತ್ರಿ ಪೆಟ್ಟಿಗೆಯೊಳಗೆ ಚುಕ್ಕಿ ಇರುತ್ತದೆ. ಒಂದು ಚುಕ್ಕಿಗೆ ಕಡಿಮೆ ಬಿಸಿ, ಎರಡಕ್ಕೆ ಮಧ್ಯಮ, ಮೂರಕ್ಕೆ ಜಾಸ್ತಿ. ನೈಲಾನಿಗೆ ಒಂದು ಚುಕ್ಕಿ, ಹತ್ತಿಗೆ ಮೂರು. ಇಂಗ್ಲಿಷ್ ಸಾಲು ಅರ್ಥವಾಗದಿದ್ದರೂ ಚಿತ್ರ ನೋಡಿ ಮಗು ಊಹೆ ಮಾಡುತ್ತದೆ, ಆಮೇಲೆ ಸಾಲು ಓದುತ್ತದೆ. ಓದು ಹೀಗೆ ಬಂದರೆ ಗಟ್ಟಿ.

ಅಂಗಡಿಗೆ ಹೋದಾಗಿನ ಮಾತು ಒಂದಿಷ್ಟು ಹೇಳಿ ನಿಲ್ಲಿಸುತ್ತೇನೆ. ಹಾಕಿ ನೋಡಲಾ ಅನ್ನುವುದಕ್ಕೆ "ಕ್ಯಾನ್ ಐ ಟ್ರೈ ದಿಸ್ ಆನ್?" ಬಿಗಿಯಾದರೆ ಟೈಟ್, ದೊಗಳೆಯಾದರೆ ಲೂಸ್. ಆಮೇಲೆ ಮೂರು ಮಾತಿವೆ: ಫಿಟ್, ಸೂಟ್, ಮ್ಯಾಚ್. ಇವನ್ನು ಕಲಸಿಬಿಡುವವರು ಜಾಸ್ತಿ. ಕನ್ನಡದಲ್ಲಿ ಯೋಚಿಸಿದರೆ ಗೊಂದಲವೇ ಇಲ್ಲ. ಅಳತೆ ಸರಿಯಾಗಿದ್ದರೆ ಫಿಟ್. ಮುಖಕ್ಕೆ, ಮೈಬಣ್ಣಕ್ಕೆ ಒಪ್ಪಿದರೆ ಸೂಟ್. ಸೀರೆಗೆ ರವಿಕೆ ಹೊಂದಿದರೆ ಮ್ಯಾಚ್.

ಇಲ್ಲಿ ಮೇಜಿನ ಮೇಲೆ ಒಂದಷ್ಟು ಅಂಗಿ, ಸ್ವೆಟರು ತಂದಿಟ್ಟಿದ್ದೇನೆ. ಮಕ್ಕಳು ನಾಲ್ಕು ನಾಲ್ಕು ಜನ ಬನ್ನಿ. ಒಬ್ಬರು "ಪುಟ್ ಇಟ್ ಆನ್" ಅನ್ನಿ, ಇನ್ನೊಬ್ಬರು ಹಾಕಿಕೊಳ್ಳಿ, ಉಳಿದವರು ನೋಡಿಕೊಂಡು ಅವನು ಏನು ಮಾಡುತ್ತಿದ್ದಾನೆ ಅಂತ ಹೇಳಿ. ಗಾರ್ಮೆಂಟ್ಸ್‌ನ ಅಕ್ಕಂದಿರು ಈ ಕಡೆ ಬನ್ನಿ. ಶರ್ಟಿನ ಒಂದೊಂದು ಭಾಗ ಮುಟ್ಟಿ ಹೆಸರು ಹೇಳುತ್ತಾ ಹೋಗಿ, ನಾನು ಬೋರ್ಡಿನ ಮೇಲೆ ಬರೆಯುತ್ತೇನೆ.