ಹಳೆಯ ತೊಟ್ಟಿಗೆ ಹೊಸ ಟ್ಯಾಂಗ್

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಟ್ಯಾಂಗ್ ಮೀನಿನ ಮೇಲೆ ಕಣ್ಣು ಬೀಳದೆ ಇರದು. ಹವಾಯಿಯ ಹಳದಿ ಟ್ಯಾಂಗ್ ಸೊಗಸು. ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲೂ ಕಾಣುವ ಪೌಡರ್ ಬ್ಲೂ ಟ್ಯಾಂಗ್ ಅದಕ್ಕಿಂತ ಸೊಗಸು. ಆದರೆ ಈ ಮೀನುಗಳ ಬಾಲದ ಬುಡದಲ್ಲಿ ಎರಡೂ ಪಕ್ಕಕ್ಕೆ ಚೂರಿಯಂಥ ಮುಳ್ಳಿದೆ. ಸರ್ಜನ್ ಮೀನು ಎಂಬ ಹೆಸರು ಬಂದದ್ದೇ ಅದರಿಂದ.

ನನ್ನ ಆರು ಅಡಿಯ ತೊಟ್ಟಿಯಲ್ಲಿ ಐದು ವರ್ಷಗಳಿಂದ ಒಂದು ಹಳದಿ ಟ್ಯಾಂಗ್ ಇತ್ತು. ಅದಕ್ಕೆ ಜೊತೆಯಾಗಲಿ ಎಂದು ಒಂದು ಪೌಡರ್ ಬ್ಲೂ ತಂದು ಅಂದೇ ಸಂಜೆ ಬಿಟ್ಟುಬಿಟ್ಟೆ. ಹಳೆಯದು ರೆಕ್ಕೆಗಳನ್ನೆಲ್ಲ ನಿಗುರಿಸಿ ಅಡ್ಡಲಾಗಿ ನಿಂತಿತು. ಮರುಕ್ಷಣವೇ ಬಾಲ ಬೀಸಿತು. ಬೆಳಗಾಗುವಷ್ಟರಲ್ಲಿ ಹೊಸ ಮೀನಿನ ಪಕ್ಕೆಯಲ್ಲಿ ಬ್ಲೇಡಿನಿಂದ ಗೀರಿದಂಥ ಗಾಯ. ಕೆಲವೇ ದಿನಗಳಲ್ಲಿ ಮೈತುಂಬ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕಿಗಳು. ಅದು ಉಳಿಯಲಿಲ್ಲ. ತಪ್ಪು ಪೂರ್ತಿ ನನ್ನದು.

ಆ ಚುಕ್ಕಿಗಳು ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿಯವು. ಬೆದರಿದ ಟ್ಯಾಂಗ್‌ಗೆ ಅದು ಬೇಗನೆ ತಗಲುತ್ತದೆ. ಆದ್ದರಿಂದ ಹೊಸ ಮೀನನ್ನು ಕನಿಷ್ಠ 4ರಿಂದ 6 ವಾರ ಬೇರೆ ತೊಟ್ಟಿಯಲ್ಲಿ ಇರಿಸಿ. ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡುಗಳು ಸಾಕು. ತಾಮ್ರದ ಔಷಧ ಕೊಡುವುದಾದರೆ ಅಲ್ಲೇ ಕೊಡಿ, ನೀರಿನಲ್ಲಿ ಅದರ ಪ್ರಮಾಣವನ್ನು ತಾಮ್ರ ಪರೀಕ್ಷೆಯ ಕಿಟ್‌ನಲ್ಲಿ ಅಳೆಯುತ್ತಿರಿ. ಹವಳ, ಸೀಗಡಿ, ಬಸವನಹುಳುಗಳಿರುವ ತೊಟ್ಟಿಗೆ ತಾಮ್ರ ಬಿದ್ದರೆ ಅವು ಬದುಕುವುದಿಲ್ಲ. ಮೀನನ್ನು ಹಿಡಿಯಲು ಬಲೆ ಬೇಡ, ಮುಳ್ಳು ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.

ಇನ್ನು ಜಗಳದ ವಿಷಯ. ಹಳೆಯ ಮೀನಿಗೆ ಪ್ರತಿ ಕಲ್ಲಿನ ಸಂದಿಯೂ ತನ್ನದೇ. ಅದಕ್ಕೇ ಒಂದೆರಡು ಕಲ್ಲುಗಳನ್ನು ಸರಿಸಿ ಜಾಗದ ಗುರುತು ಕೆಡಿಸುವುದು ಒಳ್ಳೆಯದು. ಮೈಯಾಕಾರದಲ್ಲಿ ತನ್ನನ್ನೇ ಹೋಲುವ ಮೀನಿನ ಮೇಲೆ ಅದಕ್ಕೆ ಕೋಪ ಹೆಚ್ಚು. ತೊಟ್ಟಿ ನಾಲ್ಕೇ ಅಡಿಯಾದರೆ ಎರಡನೆಯ ಟ್ಯಾಂಗ್ ತರಲೇಬೇಡಿ.

ಎರಡನೆಯ ಸಲ ನಾನು ರಂಧ್ರಗಳಿರುವ ಪಾರದರ್ಶಕ ಪೆಟ್ಟಿಗೆಯೊಂದನ್ನು ತೊಟ್ಟಿಯೊಳಗೆ ತೂಗುಹಾಕಿ, ಹೊಸ ಮೀನನ್ನು ಅದರಲ್ಲಿ ಇರಿಸಿದೆ. ಮೊದಲೆರಡು ದಿನ ಹಳದಿ ಮೀನು ಪೆಟ್ಟಿಗೆಗೆ ಬಾಲ ಬಡಿಯುತ್ತಲೇ ಇತ್ತು. ನಾನು ನೋರಿ ಪಾಚಿಯ ಒಂದು ಹಾಳೆಯನ್ನು ಪೆಟ್ಟಿಗೆಯ ಒಳಗೆ, ಇನ್ನೊಂದನ್ನು ಅದರ ಪಕ್ಕದಲ್ಲೇ ಹೊರಗೆ ಸಿಕ್ಕಿಸುತ್ತ ಬಂದೆ. ಒಂಬತ್ತನೆಯ ದಿನ ನೋಡಿದರೆ ಎರಡೂ ಗಾಜಿನಷ್ಟೇ ಅಂತರದಲ್ಲಿ ನಿಂತು, ತಮ್ಮ ತಮ್ಮ ಪಾಚಿಯನ್ನು ನೆಮ್ಮದಿಯಾಗಿ ಕೀಳುತ್ತಿದ್ದವು. ಅಂದು ರಾತ್ರಿ ದೀಪ ಆರಿಸಿ ಪೆಟ್ಟಿಗೆಯ ಬಾಗಿಲು ತೆರೆದೆ.