ಅರಬ್ಬಿ ಓದಲು ಕಲಿಸಿದಿರಿ, ಮಾತನಾಡಲೂ ಕಲಿಸಿ

ಎಲ್ಲರಿಗೂ ನಮಸ್ಕಾರ. ಮೂರನೇ ಸೆಮಿಸ್ಟರಿನ ಮೊದಲ ದಿನ ನಮ್ಮ ಅರಬ್ಬಿ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಅಕ್ಷರ ಬರೆದರು. ಐನ್, ಲಾಮ್, ಮೀಮ್. "ಓದಿ" ಎಂದರು. ಇಡೀ ತರಗತಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಒಂದು ವರ್ಷ ಕಲಿತವರಿಗೆ ಮೂರಕ್ಷರ ಓದಲು ಬಾರದೇ ಎಂದು ನೀವು ಕೇಳಬಹುದು. ಮೊದಲ ವರ್ಷದ ಪುಸ್ತಕಗಳಲ್ಲಿ ಅಕ್ಷರದ ಮೇಲೆ ಕೆಳಗೆ ಹರಕತ್ ಎಂಬ ಪುಟ್ಟ ಗುರುತುಗಳಿರುತ್ತವೆ. ಹ್ರಸ್ವ ಸ್ವರ ಯಾವುದು ಎಂದು ಅವು ಹೇಳಿಕೊಡುತ್ತವೆ. ಎರಡನೇ ವರ್ಷಕ್ಕೆ ಬಂದರೆ ಅವೆಲ್ಲ ಮಾಯ. ಪತ್ರಿಕೆಯಲ್ಲಿಲ್ಲ, ಕಾದಂಬರಿಯಲ್ಲಿಲ್ಲ, ಅಂಗಡಿಯ ಬೋರ್ಡಿನಲ್ಲೂ ಇಲ್ಲ. ಕನ್ನಡದಲ್ಲಿ ಕಡೆ, ಕುಡಿ, ಕೊಡು, ಕೆಡು ಈ ನಾಲ್ಕನ್ನೂ ಗುಣಿತ ಅಳಿಸಿ 'ಕಡ' ಎಂದಷ್ಟೇ ಬರೆದರೆ ಹೇಗಿರುತ್ತದೆ, ಊಹಿಸಿಕೊಳ್ಳಿ. ವಾಕ್ಯ ಅರ್ಥವಾದ ಮೇಲಷ್ಟೇ ಪದವನ್ನು ಉಚ್ಚರಿಸಲು ಸಾಧ್ಯ.

ಆ ಮೂರಕ್ಷರಕ್ಕೆ ಬರುತ್ತೇನೆ. ಇಲ್ಮ್ ಎಂದು ಓದಿದರೆ ಜ್ಞಾನ. ಅಲಮ್ ಎಂದರೆ ಧ್ವಜ. ಅಲಿಮ ಎಂದರೆ ತಿಳಿದನು. ನಡುವಿನ ಅಕ್ಷರಕ್ಕೆ ಒತ್ತು ಕೊಟ್ಟರೆ ಅಲ್ಲಮ, ಅಂದರೆ ಕಲಿಸಿದನು. ನಮ್ಮ ಅಲ್ಲಮಪ್ರಭುವಿಗೂ ಈ ಕ್ರಿಯಾಪದಕ್ಕೂ ನಂಟು ಕಲ್ಪಿಸುವುದು ಬೇಡ. ಆದರೂ ಕಲಿಸುವುದಕ್ಕೆ ಆ ಹೆಸರು ಕಿವಿಗೆ ಬಿದ್ದ ದಿನ ನನ್ನ ಮೈ ಜುಮ್ಮೆಂದಿತ್ತು. ಅಲ್ಲಮದಿಂದ ಬರುವ ನಾಮಪದ ತಅಲೀಮ್. ನಾಟಕದವರು, ಗರಡಿಯವರು ದಿನವೂ ಹೇಳುವ ತಾಲೀಮು ಇದೇ.

ಇಲ್ಲಿಂದ ಒಂದು ಲೋಕವೇ ತೆರೆದುಕೊಂಡಿತು. ಅರಬ್ಬಿಯಲ್ಲಿ ಹೆಚ್ಚಿನ ಪದಗಳು ಇಂಥ ಮೂರಕ್ಷರದ ಬೇರನ್ನು, ಅಂದರೆ ಧಾತುವನ್ನು, ಬೇರೆ ಬೇರೆ ಅಚ್ಚಿಗೆ ಎರೆದು ಆದವು. ತಾಲೀಮು ಎರಕಗೊಂಡ ಅಚ್ಚಿನಲ್ಲೇ ತಹಶೀಲ್ದಾರರ ತಹಶೀಲೂ ಎರಕಗೊಂಡಿದೆ. ಅದರ ಧಾತುವಿನಿಂದಲೇ ಬಂದದ್ದು ಕಂದಾಯದ ಮಹಸೂಲು. ಶಾಲೆಯ ಹಾಜರಿ, ಆಸ್ಥಾನದ ಹುಜೂರು, ಪೊಲೀಸರು ಸ್ಥಳದಲ್ಲಿ ಬರೆಯುವ ಮಹಜರು, ಈ ಮೂರಕ್ಕೂ ಒಂದೇ ಬೇರು: ಎದುರಿಗೆ ಇರುವುದು. ವಿಶ್ವವಿದ್ಯಾಲಯದ ಉಪನ್ಯಾಸಕ್ಕೆ ಅರಬ್ಬಿಯಲ್ಲಿ ಮುಹಾದರಾ ಎನ್ನುತ್ತಾರೆ. ಅದೂ ಈ ಬೇರಿನದೇ ಚಿಗುರು. ಹಾನ್ಸ್ ವೇರ್ ಅವರ ನಿಘಂಟು ಜರ್ಮನ್ ಭಾಷೆಯಲ್ಲಿ 1952ರಲ್ಲೂ ಇಂಗ್ಲಿಷಿನಲ್ಲಿ 1961ರಲ್ಲೂ ಬಂತು. ಪದಗಳನ್ನು ಅದರಲ್ಲಿ ಬೇರಿನ ಪ್ರಕಾರವೇ ಜೋಡಿಸಿದ್ದಾರೆ. ಮಹಜರನ್ನು 'ಮ'ದಲ್ಲಿ ಹುಡುಕಿದರೆ ಸಿಗುವುದಿಲ್ಲ. ಪದದ ಮೊದಲಿಗೆ ಅಂಟಿದ ಮೀಮ್ ಸುಲಿದು 'ಹ'ದಲ್ಲಿ ಹುಡುಕಬೇಕು. ಎರಡನೇ ವರ್ಷದ ವಿದ್ಯಾರ್ಥಿ ಕಲಿಯಬೇಕಾದ ಮುಖ್ಯ ಕಸುಬು ಈ ಸುಲಿಯುವುದೇ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾವ ಕನ್ನಡಿಗನಿಗೂ ಇದರ ಅರ್ಧ ಸಾಮಗ್ರಿ ಆಗಲೇ ಗೊತ್ತು. ಇದನ್ನು ಯಾವ ಮೇಷ್ಟ್ರೂ ಮೊದಲೇ ಹೇಳಲಿಲ್ಲವಲ್ಲ ಎಂಬ ಬೇಸರ ನನಗಿದೆ.

ಅದಕ್ಕಿಂತ ದೊಡ್ಡ ಬೇಸರ ಬೇರೊಂದಿದೆ. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ತನ್ನ ಅಧಿಕಾರಿಗಳಿಗೆ ಅರಬ್ಬಿ ಕಲಿಸಲು 88 ವಾರ, ಅಂದರೆ ಸುಮಾರು 2,200 ತರಗತಿ ಗಂಟೆ ಮೀಸಲಿಡುತ್ತದೆ. ನಮಗೆ ವಾರಕ್ಕೆ ಆರು ಗಂಟೆ. ನಾಲ್ಕು ಸೆಮಿಸ್ಟರ್ ಕೂಡಿಸಿದರೂ ನಾನೂರು ಮುಟ್ಟುವುದಿಲ್ಲ. ಇಷ್ಟು ಕಡಿಮೆ ಸಮಯವಿರುವಾಗ ಒಂದೊಂದು ಗಂಟೆಯೂ ಚಿನ್ನ. ಆ ಚಿನ್ನವೆಲ್ಲ ಹೋಗುವುದು ಎಲ್ಲಿಗೆ? ಇಅರಾಬಿಗೆ, ಅಂದರೆ ಪದದ ಕೊನೆಗೆ ಉ ಬರಬೇಕೇ, ಅ ಬರಬೇಕೇ, ಇ ಬರಬೇಕೇ ಎಂಬ ವಿಭಕ್ತಿಯ ಲೆಕ್ಕಕ್ಕೆ. ಪರೀಕ್ಷೆಯಲ್ಲಿ ಒಂದು ಪ್ಯಾರಾ ಕೊಟ್ಟು ಹರಕತ್ ಹಾಕಿ ಎನ್ನುತ್ತಾರೆ. ಹಾಕುತ್ತೇವೆ, ಪಾಸಾಗುತ್ತೇವೆ. ಆ ಉ, ಅ, ಇಗಳನ್ನು ಕೈರೋದ ಬೀದಿಯಲ್ಲೂ ರಿಯಾದಿನ ಬೀದಿಯಲ್ಲೂ ಮಾತಿನಲ್ಲಿ ಯಾರೂ ಉಚ್ಚರಿಸುವುದಿಲ್ಲ.

ಮೈಸೂರಿನಲ್ಲಿ ಓದುವ ಯೆಮನ್ ದೇಶದ ಹುಡುಗನೊಬ್ಬ ನನಗೆ ಪರಿಚಯ. ಮೊದಲ ಸಲ ಚಹಾ ಅಂಗಡಿಯಲ್ಲಿ ಸಿಕ್ಕಾಗ ಅಚ್ಚುಕಟ್ಟಾದ ಫುಸ್‌ಹಾದಲ್ಲಿ, ಅಂದರೆ ಗ್ರಾಂಥಿಕ ಅರಬ್ಬಿಯಲ್ಲಿ, ಏನು ಬೇಕು ಎಂದು ಕೇಳಿದೆ: ಮಾದಾ ತುರೀದು? ಅವನು ಗೌರವದಿಂದ, ವಾರ್ತೆ ಓದುವವರಂತೆ ಅಳೆದು ತೂಗಿ ಉತ್ತರಿಸಿದ. ನಾಲ್ಕು ವಾಕ್ಯಕ್ಕೆ ಮಾತು ಮುಗಿಯಿತು. ಅಷ್ಟರಲ್ಲಿ ಅವನ ಗೆಳೆಯ ಬಂದ. "ಏಶ್ ತಿಶ್ತಿ?" ಎಂದು ಯೆಮನ್ ಹುಡುಗ ಗೆಳೆಯನನ್ನು ಕೇಳಿದ. ಯೆಮನ್ ರಾಜಧಾನಿ ಸನಾ ಕಡೆಯ ಮಾತಿನಲ್ಲಿ ಅದೂ ಏನು ಬೇಕು ಎಂದೇ. ಆಮೇಲೆ ಅವರಿಬ್ಬರೂ ಅರ್ಧ ಗಂಟೆ ನಗುತ್ತಾ ಮಾತನಾಡಿದರು. ನಾನು ಪಕ್ಕದಲ್ಲೇ ಕುಳಿತಿದ್ದರೂ ಹೊರಗಿನವನಾಗಿದ್ದೆ. ಇದೇ ಪ್ರಶ್ನೆ ಕೈರೋದಲ್ಲಿ 'ಆವಿಜ್ ಏಹ್', ಡಮಾಸ್ಕಸ್‌ನಲ್ಲಿ 'ಶೂ ಬಿದ್ದಕ್'.

ಅಧ್ಯಾಪಕರ ವಾದ ನನಗೆ ಗೊತ್ತು. ಅರಬ್ ಲೀಗಿನ 22 ದೇಶಗಳನ್ನು ಕಟ್ಟಿಹಾಕಿರುವುದು ಫುಸ್‌ಹಾ. ಗ್ರಂಥ, ಪತ್ರಿಕೆ, ಕಾನೂನು ಎಲ್ಲವೂ ಅದರಲ್ಲೇ ಇವೆ. ಒಪ್ಪುತ್ತೇನೆ, ಫುಸ್‌ಹಾದ ಮೇಲೆ ನನಗೆ ಅಪಾರ ಪ್ರೀತಿಯಿದೆ. ಆದರೆ ಪತ್ರಿಕೆಯ ಕನ್ನಡವನ್ನಷ್ಟೇ ಕಲಿತ ವಿದೇಶಿಯೊಬ್ಬ ಹುಬ್ಬಳ್ಳಿಯ ಸಂತೆಗೋ ಕುಂದಾಪುರದ ಮೀನು ಮಾರುಕಟ್ಟೆಗೋ ಹೋದರೆ ಅವನ ಪಾಡೇನು ಎಂದು ನಮಗೆ ವಿವರಿಸಿ ಹೇಳಬೇಕೇ? ಬರೆಯುವ ನುಡಿ ಒಂದು, ಆಡುವ ನುಡಿ ಇನ್ನೊಂದು ಎಂಬುದನ್ನು ಹಾಲಿನ ಜೊತೆಗೇ ಕುಡಿದವರು ನಾವು. 'ಯಾವ ಆಡುನುಡಿ ಕಲಿಸುವುದು, ಇಪ್ಪತ್ತಿವೆಯಲ್ಲ' ಎನ್ನುವವರಿಗೆ ನನ್ನ ಉತ್ತರ ಸರಳ. ಒಂದನ್ನು ಆರಿಸಿ, ಮೂರನೇ ಸೆಮಿಸ್ಟರಿನಿಂದಲೇ ವಾರಕ್ಕೆ ಎರಡು ಗಂಟೆ ಕೊಡಿ. ನಮ್ಮ ಕರಾವಳಿಯ ಮನೆಮನೆಯಿಂದ ಜನ ಕೊಲ್ಲಿಗೆ ಹೋಗಿದ್ದಾರೆ. ಹಾಗಾಗಿ ನಾನು ಕೊಲ್ಲಿಯ ನುಡಿಯನ್ನೇ ಆರಿಸುತ್ತೇನೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಬಳಸುವ ಅಲ್-ಕಿತಾಬ್ ಪಠ್ಯಮಾಲೆಯಲ್ಲಿ ಈಜಿಪ್ಟಿನ ಮತ್ತು ಸಿರಿಯಾ ಕಡೆಯ ಆಡುನುಡಿಗಳು ಫುಸ್‌ಹಾದ ಪಕ್ಕದಲ್ಲೇ ಕುಳಿತಿವೆ. ಇದರಿಂದ ಫುಸ್‌ಹಾಕ್ಕೇನೂ ಕುಂದು ಬಂದಿಲ್ಲ.

ನನ್ನ ಚಿಕ್ಕಪ್ಪ ಸೌದಿ ಅರೇಬಿಯಾದ ದಮ್ಮಾಮಿನಲ್ಲಿ ಹದಿನೆಂಟು ವರ್ಷದಿಂದ ಚಾಲಕರು. ಮೊನ್ನೆ ಅವರ ಮನೆಯ ಬಾಡಿಗೆ ಕರಾರನ್ನು ವಾಟ್ಸಾಪಿನಲ್ಲಿ ಕಳುಹಿಸಿದರು. ಮೇಲೆ 'ಅಕ್ದ್ ಈಜಾರ್' ಎಂದಿತ್ತು, ನಮ್ಮ ಇಜಾರೆಯೇ. ಸಾಲು ಸಾಲಾಗಿ ಓದಿ ಹೇಳಿದೆ. ಹಿಂದೆಯೇ ಮನೆ ಮಾಲೀಕರ ಧ್ವನಿ ಸಂದೇಶ ಬಂತು. ಅದರಲ್ಲಿ ನನಗೆ ತಿಳಿದದ್ದು ಎರಡು ಪದ. ಚಿಕ್ಕಪ್ಪ ಪೂರ್ತಿ ಅರ್ಥ ಮಾಡಿಕೊಂಡು ನನಗೆ ವಿವರಿಸಿದರು.

ಈಗ ಪ್ರತಿ ಶುಕ್ರವಾರ ಅವರ ರಜೆಯ ದಿನ ವಿಡಿಯೋ ಕರೆಯಲ್ಲಿ ಕೂರುತ್ತೇವೆ. ನನಗೆ ಬೇಕು ಎನ್ನಲು ಉರೀದು ಬಿಟ್ಟು 'ಅಬೀ' ಎನ್ನಬೇಕು ಎಂದು ಅವರು ತಿದ್ದುತ್ತಾರೆ. ನಾನು ಅವರಿಗೆ ಅಕ್ಷರ ಹೇಳಿಕೊಡುತ್ತೇನೆ. ಕಳೆದ ವಾರ ಅವರು ತಮ್ಮ ಹೆಸರನ್ನು ತಾವೇ ಅರಬ್ಬಿಯಲ್ಲಿ ಬರೆದು ಫೋಟೋ ಕಳುಹಿಸಿದರು. ಐದು ಅಕ್ಷರ, ಒಂದೂ ಹರಕತ್ ಇರಲಿಲ್ಲ. ತಡವರಿಸದೆ ಓದಿದೆ.